ಹಣೆಬರಹವೂ ಹಿರಿಯಣ್ಣನವರೂ

ಕಂಬದೂರಿನ ಸುತ್ತಮುತ್ತ ತತ್ತ್ವಶಾಸ್ತ್ರವನ್ನು ಓದಿದವರು ವಿರಳ; ಆದರೆ ತತ್ತ್ವಶಾಸ್ತ್ರದ ಒಂದು ಮಾತನ್ನು ದಿನಕ್ಕೊಮ್ಮೆಯಾದರೂ ಆಡದವರು ಇನ್ನೂ ವಿರಳ. ತೆಲುಗರು ‘ತಲರಾತ’ ಎನ್ನುತ್ತಾರೆ, ಕನ್ನಡಿಗರು ‘ಹಣೆಬರಹ’ ಎನ್ನುತ್ತೇವೆ. ಈ ಗಡಿನಾಡಿನ ಎರಡು ಭಾಷೆಗಳಲ್ಲಿ ಇಷ್ಟು ಒಮ್ಮತವನ್ನು ನಾವು ಬೇರಾವ ವಿಷಯದಲ್ಲಿಯೂ ಕಂಡಿಲ್ಲ. ವರುಷಕ್ಕೆ ಸರಾಸರಿ 550 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಜಿಲ್ಲೆಯಲ್ಲಿ, ಕಡಲೆಕಾಯಿ ಬಿತ್ತಿ ಮುಗಿಲು ನೋಡುವ ರೈತನ ಬಾಯಲ್ಲಿ ಆ ಮಾತು ಬರುವುದು ಸಹಜ. ಮಕ್ಕಳ ಓದಿನ ವಿಷಯದಲ್ಲಿ ಬಂದಾಗ ಮಾತ್ರ ನಮಗೆ ಕಸಿವಿಸಿಯಾಗುತ್ತಿತ್ತು.

ಬಿ.ಎಡ್. ಓದುವ ದಿನಗಳಲ್ಲಿ ಪ್ರೊ. ಎಂ. ಹಿರಿಯಣ್ಣನವರ ‘ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ’ ನಮ್ಮ ಕೈಗೆ ಬಂದಿತು. ನಿಘಂಟನ್ನು ಪಕ್ಕದಲ್ಲಿರಿಸಿಕೊಂಡು ಓದಿದೆವು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಅವರು ಅದಕ್ಕೆ ಮುನ್ನ ಶಾಲಾ ಉಪಾಧ್ಯಾಯರಾಗಿದ್ದರೆಂದು ಆಮೇಲೆ ತಿಳಿದು, ನಮ್ಮ ಕಸುಬಿನವರೇ ಎಂಬ ಹೆಮ್ಮೆಯೂ ಆಯಿತು. 1871ರಲ್ಲಿ ಹುಟ್ಟಿದ ಅವರ ಈ ಗ್ರಂಥ ಹೊರಬಂದದ್ದು 1932ರಲ್ಲಿ, ಅರವತ್ತು ದಾಟಿದ ಮೇಲೆ. 1950ರಲ್ಲಿ ಅವರು ತೀರಿಕೊಂಡ ಬಳಿಕ ಮೈಸೂರಿನ ಕಾವ್ಯಾಲಯವು ಅವರ ಬಿಡಿ ಲೇಖನಗಳನ್ನು ಪುಸ್ತಕರೂಪಕ್ಕೆ ತಂದಿತು. ಬಡ್ತಿಗಾಗಿ ಲೇಖನಗಳನ್ನು ಎಣಿಸುವ ಇಂದಿನ ಪ್ರಾಧ್ಯಾಪಕರಿಗೆ ಇದು ನಂಬಲಾಗದ ಸಂಗತಿಯೆನಿಸೀತು.

ಕರ್ಮಸಿದ್ಧಾಂತವೆಂದರೆ ಹಣೆಬರಹವಲ್ಲ ಎಂಬುದು ಆ ಗ್ರಂಥದಿಂದ ನಾವು ಕಲಿತ ಮುಖ್ಯ ಪಾಠ. ನಾವು ಮಾಡುವ ಪ್ರತಿಯೊಂದು ಕೆಲಸಕ್ಕೂ ಎರಡು ಪರಿಣಾಮಗಳುಂಟು. ಒಂದು ಫಲ, ಎಂದರೆ ಅದರಿಂದ ಒದಗುವ ಸುಖದುಃಖ. ಇನ್ನೊಂದು ಸಂಸ್ಕಾರ, ಎಂದರೆ ಅದೇ ಕೆಲಸವನ್ನು ಮತ್ತೆ ಮಾಡಬೇಕೆನಿಸುವ ಒಲವು. ಫಲವನ್ನು ತಪ್ಪಿಸಿಕೊಳ್ಳಲಾಗದು, ಒಲವನ್ನು ತಿದ್ದುವುದು ಮಾತ್ರ ಪೂರ್ಣವಾಗಿ ನಮ್ಮ ಕೈಯಲ್ಲಿದೆ. ಮನುಷ್ಯನ ಸ್ವಾತಂತ್ರ್ಯವನ್ನು ಹಿರಿಯಣ್ಣನವರು ಅಲ್ಲಿ ಇರಿಸಿದರು.

ಓದಿದವರಿಗೂ ಒಂದು ಹಣೆಬರಹವಿದೆ. ಅದರ ಹೆಸರು ‘ವ್ಯವಸ್ಥೆಯೇ ಹಾಗಿದೆ’. ಒಮ್ಮೆ ಸಾರ್ವಜನಿಕ ಪರೀಕ್ಷೆಯಲ್ಲಿ ನಕಲಿಗೆ ಕಣ್ಣು ಮುಚ್ಚಿಕೊಳ್ಳಿರೆಂದು ನಮಗೆ ಹಿತವಚನ ಬಂದಿತು. ಎಲ್ಲೆಡೆಯೂ ನಡೆಯುವುದೇ ಅದು ಎಂದರು. ನಾವು ಒಪ್ಪಲಿಲ್ಲ. ಆ ವರುಷ ಫಲಿತಾಂಶ ಇಳಿಯಿತು, ಮೇಲಿನವರು ವಿವರಣೆ ಕೇಳಿದರು, ಕೊಟ್ಟೆವು. ಅದು ನಮ್ಮ ಪಾಲಿನ ಫಲ.

ಇದಕ್ಕಿಂತ ಕಠಿಣವಾದ ಪರೀಕ್ಷೆ ಒಬ್ಬ ರೈತನಿಂದ ಬಂದಿತು. ಮಳೆ ಕೈಕೊಟ್ಟ ವರುಷ, ಹತ್ತನೆಯ ತರಗತಿಯ ಪರೀಕ್ಷೆಗೆ ತಿಂಗಳಿರುವಾಗ ಮಗನನ್ನು ಶಾಲೆ ಬಿಡಿಸಲು ಬಂದಿದ್ದ. “ಸಾರ್, ಇವನ ಹಣೇಲಿ ಓದು ಬರ್ದಿಲ್ಲ. ಬೆಂಗಳೂರಿಗೆ ಗಾರೆ ಕೆಲ್ಸಕ್ಕೆ ಕಳಿಸ್ತೀನಿ” ಎಂದ. ನಾವು ಫಲ, ಸಂಸ್ಕಾರ ಎಂದು ಶುರುಮಾಡಿದೆವು. ಆತ ಸಮಾಧಾನದಿಂದ ಕೇಳಿ, “ಸಂಸ್ಕಾರ ಹೊಟ್ಟೆ ತುಂಬ್ಸುತ್ತಾ ಸಾರ್?” ಎಂದ. ಅದಕ್ಕೆ ಉತ್ತರ ಯಾವ ಗ್ರಂಥದಲ್ಲಿಯೂ ನಮಗೆ ದೊರೆಯಲಿಲ್ಲ.

ಈ ಒಂದು ಎಡೆಯಲ್ಲಿ ಹಿರಿಯಣ್ಣನವರೊಡನೆ ನಮ್ಮ ಹೆಜ್ಜೆ ಹೊಂದದು. ಬರದಲ್ಲಿ ಬೆಂದವನಿಗೆ, ಇದು ನಿನ್ನ ಪೂರ್ವಜನ್ಮದ ಫಲವೆಂದು ಹೇಳಲು ಮೇಷ್ಟರಿಗೆ ಬಾಯಿ ಬರಬಾರದು. ಫಲದ ಲೆಕ್ಕವನ್ನು ಅಲ್ಲಿಗೇ ಬಿಟ್ಟು ಮುಂದಿನ ಹೆಜ್ಜೆಯ ಮಾತಾಡುವುದು ಮೇಲು. ನಾವೂ ಹಾಗೆಯೇ ಮಾಡಿದೆವು: “ಅಣ್ಣಾ, ಒಂದು ತಿಂಗಳು ತಡೆ. ಪರೀಕ್ಷೆ ಬರೆದು ಹೋಗಲಿ. ಅಲ್ಲಿಯವರೆಗೆ ಅವನ ಊಟ ನಮ್ಮ ಮನೆಯಲ್ಲಿ.” ಆತ ಬಹಳ ಹೊತ್ತು ಸುಮ್ಮನಿದ್ದು, ಒಪ್ಪಿದ.

ಹುಡುಗ ದ್ವಿತೀಯ ದರ್ಜೆಯಲ್ಲಿ ಪಾಸಾದ. ಮುಂದೆ ಓದಲಿಲ್ಲ, ಬೆಂಗಳೂರಿಗೇ ಹೋದ. ಈಗ ಗಾರೆ ಮೇಸ್ತ್ರಿ. ಕೆಲಸವಿದ್ದೆಡೆಗೆಲ್ಲ ಶೆಡ್ಡು ಬದಲಾಯಿಸಬೇಕು, ಮಗಳ ಶಾಲೆ ತಪ್ಪುತ್ತದೆಯೆಂದು ಆಕೆಯನ್ನು ಊರಿನಲ್ಲಿ ತಂದೆಯ ಬಳಿ ಬಿಟ್ಟಿದ್ದಾನೆ. ಬೆಳಗಿನಲ್ಲಿ ಆ ಅಜ್ಜ ಮೊಮ್ಮಗಳ ಚೀಲವನ್ನು ತಾನೇ ಹೆಗಲಿಗೆ ಹಾಕಿಕೊಂಡು ನಮ್ಮ ಮನೆಯ ಮುಂದೆಯೇ ಶಾಲೆಗೆ ಕರೆದೊಯ್ಯುತ್ತಾನೆ. ಮಳೆಯ ಮಾತೆತ್ತಿದರೆ ಇಂದಿಗೂ ಹಣೆಬರಹವೆಂದೇ ಅನ್ನುತ್ತಾನೆ; ಅದಕ್ಕೆ ನಮ್ಮ ತಕರಾರಿಲ್ಲ.