ವೇಗದ ಲೆಕ್ಕ

ಕಾರ್ ಓಟದ ಆಟವೆಂದರೆ ಮಕ್ಕಳ ಕಾಲಹರಣವೆಂದು ತಳ್ಳಿಹಾಕುವವರೇ ನಮ್ಮಲ್ಲಿ ಹೆಚ್ಚು. ಇಟಲಿಯ ಕುನೋಸ್ ಸಂಸ್ಥೆ 2014ರಲ್ಲಿ ಹೊರತಂದ 'ಅಸೆಟ್ಟೊ ಕೋರ್ಸಾ'ವನ್ನು ಮನೆಯ ಹುಡುಗರೊಡನೆ ಕುಳಿತು ಕಂಪ್ಯೂಟರಿಗೆ ಹೊಂದಿಸುವಾಗ ನಮಗೆ ಕಂಡದ್ದೇ ಬೇರೆ.

ಮೊದಲು ಸ್ಟೀರಿಂಗ್. ಮೇಜಿಗೆ ಬಿಗಿದ ಚಕ್ರ 900 ಡಿಗ್ರಿ, ಅಂದರೆ ಎರಡೂವರೆ ಸುತ್ತು ತಿರುಗುತ್ತದೆ. ಟಯರಿನ ಹಿಡಿತ ತಪ್ಪುವುದನ್ನು ಅದರೊಳಗಿನ ಮೋಟಾರು ಕೈಗೆ ತಿಳಿಸುತ್ತದೆ. ಆ ಬಲವನ್ನು ಅತಿಯಾಗಿ ಏರಿಸಿದರೆ ಸೂಕ್ಷ್ಮ ಸೂಚನೆಗಳೆಲ್ಲ ಒಂದೇ ಎಳೆತದಲ್ಲಿ ಮುಳುಗಿಹೋಗುತ್ತವೆ.

ಆಮೇಲೆ ನೋಟದ ಕೋನ. ಪರದೆಯ ಅಗಲ, ಕಣ್ಣಿನಿಂದ ಅದಕ್ಕಿರುವ ದೂರ ಅಳೆದು ಇದನ್ನು ಲೆಕ್ಕ ಹಾಕಬೇಕು. ಕೋನ ಹಿಗ್ಗಿಸಿದರೆ ಬದಿಯ ಮರಗಳು ರಭಸದಿಂದ ಹಿಂದೆ ಸರಿಯುತ್ತವೆ, ಹುಡುಗರಿಗೆ ರೋಮಾಂಚನ. ಅಳತೆಗೆ ಸರಿಯಾಗಿಟ್ಟರೆ ಅದೇ ಕಾರು ನಿಧಾನವೆನಿಸುತ್ತದೆ. "ಗಂಟೆಗೆ 120 ಕಿಲೋಮೀಟರ್ ಅಂದರೆ ಇಷ್ಟೇನಾ?" ಎಂದ ಹಿರಿಯವ. ಬ್ರೇಕ್ ಒತ್ತಿದಾಗ ಉತ್ತರ ಸಿಕ್ಕಿತು. ವೇಗ ಇಮ್ಮಡಿಯಾದರೆ ಬ್ರೇಕ್ ಹಿಡಿದು ನಿಲ್ಲಲು ಬೇಕಾದ ದೂರ ಸುಮಾರು ನಾಲ್ಕು ಪಟ್ಟು.

ಹೆದ್ದಾರಿಯಲ್ಲಿ ಜೀವ ತೆಗೆಯುವುದೂ ನಿಧಾನವೆನಿಸುವ ಈ ವೇಗವೇ. ಆಟದಲ್ಲಿ ಹಾನಿಯ ಪ್ರಮಾಣವನ್ನು ಸೊನ್ನೆಗಿಳಿಸಿದರೆ ಗೋಡೆಗೆ ಗುದ್ದಿಯೂ ಮುಂದೆ ಹೋಗಬಹುದು. ನಾವು ಅದನ್ನು ನೂರಕ್ಕೇ ಇಟ್ಟೆವು. ಹುಡುಗರು ಗೊಣಗಿದರು.

ಹಿರಿಯವನಿಗೀಗ ಹದಿನೆಂಟು ತುಂಬಿದೆ, ಬೈಕ್ ಬೇಕೆನ್ನುತ್ತಿದ್ದಾನೆ. ಪ್ರಾಣವು ಅಲ್ಲಾಹನು ನಮ್ಮ ಬಳಿ ಇಟ್ಟ ಅಮಾನತ್ತು ಎಂದು ಅವನು ಮದ್ರಸದಲ್ಲಿ ಕಲಿತಿದ್ದಾನೆ. ರಸ್ತೆ ದಾಟುವ ಅಪರಿಚಿತನ ಪ್ರಾಣವೂ ಹಾಗೆಯೇ. ಬೈಕಿನ ಕೀಲಿ ಕೊಡುವ ಮೊದಲು ಈ ಎರಡನೆಯ ಮಾತನ್ನು ಅವನಿಗೆ ಮನವರಿಕೆ ಮಾಡಿಕೊಡಬೇಕಾದವರು ನಾವೇ.