ಯಲವಿಗಿಯಲ್ಲಿ ಒಂದು ನಿಮಿಷ

ನಮ್ಮ ಶಿಗ್ಗಾಂವಿಗೆ ರೈಲು ಇಲ್ಲ. ಊರ ಮಗ್ಗುಲಲ್ಲೇ ಹೆದ್ದಾರಿಯಿದೆ, ಬಸ್ಸಿಗೆ ಬರವಿಲ್ಲ. ರೈಲು ಮಾತ್ರ ನಮ್ಮನ್ನು ಬಿಟ್ಟು ಹುಬ್ಬಳ್ಳಿಯಿಂದ ಕುಂದಗೋಳ, ಸಂಶಿ, ಗುಡಗೇರಿ, ಯಲವಿಗಿ, ಕರಜಗಿ ಅಂತ ಮೂಡಣ ಬದಿಯಿಂದಲೇ ಹಾವೇರಿ ಸೇರುತ್ತದೆ.

“ಅಜ್ಜಾ, ನಿಮ್ಮೂರಿಗೆ ಯಾಕೆ ಟ್ರೇನ್ ಬರಲ್ಲ?” ಎಂದು ರಜೆಗೆ ಬಂದ ಮೊಮ್ಮಗ ಕೇಳಿದ. ಉತ್ತರ ಹೊಳೆಯದೆ ಅವನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಅಲ್ಲಿ ಗದಗ ರಸ್ತೆಯ ಕಡೆ 2020ರಲ್ಲಿ ರೈಲ್ವೆ ವಸ್ತುಸಂಗ್ರಹಾಲಯ ಆಗಿದೆ. ಮಲಪ್ರಭಾ, ಘಟಪ್ರಭಾ ಎಂಬ ಎರಡು ಹಳೆಯ ಮನೆಗಳು, ಅಂಗಳದಲ್ಲಿ ಹಳೆಯ ಎಂಜಿನ್ನುಗಳು, ಮಕ್ಕಳನ್ನು ಹೊತ್ತು ಸುತ್ತುವ ಪುಟಾಣಿ ರೈಲು. ಮೊಮ್ಮಗ ಅದನ್ನು ಹತ್ತಿದ. ನಾನು ಒಳಗೆ ತನ್ನಷ್ಟಕ್ಕೆ ತಾನು ಸುತ್ತುವ ಮಾದರಿ ರೈಲಿನ ಮುಂದೆ ನಿಂತವನು ಅಲ್ಲಾಡಲಿಲ್ಲ.

ಅದನ್ನು ಕಂಡ ಮಗ ಒಂದು ರೈಲು ಸೆಟ್ ತರಿಸಿದ. ರಜೆ ಮುಗಿದು ಹೊರಡುವಾಗ ಮೊಮ್ಮಗ, “ಇದು ನಿಮ್ಮೂರಿನ ಟ್ರೇನ್ ಅಜ್ಜಾ, ಇಲ್ಲೇ ಇರಲಿ” ಎಂದ.

ಆಗ ನನ್ನ ಹೆಂಡತಿ ತೀರಿಕೊಂಡು ಎಂಟು ತಿಂಗಳಾಗಿತ್ತು. ಹಗಲು ಹೇಗೋ ಸಾಗುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಮನೆ ಬಿಕೋ ಎನ್ನುತ್ತಿತ್ತು. ಟಿವಿ ಹಾಕಿದರೆ ಸಿಟ್ಟು, ಆರಿಸಿದರೆ ಸಂಕಟ. ಒಂದು ಸಂಜೆ ಮಂಚದ ಮೇಲೆ ಪ್ಲೈವುಡ್ ಹಲಗೆ ಇಟ್ಟು ಹಳಿ ಜೋಡಿಸಿದೆ.

ಈ ಅಳತೆಗೆ ಎಚ್‌ಓ ಎನ್ನುತ್ತಾರೆ. ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಹಳಿಗಳ ನಡುವೆ 16.5 ಮಿಲಿಮೀಟರ್. ಬ್ಯಾಂಕಿನವನ ಬುದ್ಧಿ, ಲೆಕ್ಕ ಹಾಕಿದೆ: ಜಗತ್ತಿನಲ್ಲೇ ಉದ್ದವೆನಿಸಿದ ಹುಬ್ಬಳ್ಳಿಯ 1,507 ಮೀಟರ್ ಪ್ಲಾಟ್‌ಫಾರ್ಮನ್ನು ಈ ಅಳತೆಗೆ ತಂದರೂ 17 ಮೀಟರ್ ದಾಟುತ್ತದೆ. ನಮ್ಮ ಪಡಸಾಲೆ, ಅಂಗಳ ಎಲ್ಲ ಮುಗಿದು ಬೀದಿಗೆ ಹೋಗುತ್ತದೆ! ಹೀಗಾಗಿ ಹುಬ್ಬಳ್ಳಿಯ ಆಸೆ ಬಿಟ್ಟೆ. ರಟ್ಟು ಕತ್ತರಿಸಿ ಯಲವಿಗಿ ನಿಲ್ದಾಣ ಮಾಡಿದೆ.

ಯಲವಿಗಿಯೇ ಯಾಕೆ? ನನ್ನವಳಿಗೆ ಬಸ್ಸು ಆಗಿಬರುತ್ತಿರಲಿಲ್ಲ. ದಾವಣಗೆರೆಯ ತವರಿಗೆ ಹೋಗುವಾಗ ಸವಣೂರು ಮೇಲೆ ಯಲವಿಗಿ ತನಕ ಹೇಗೋ ಸಹಿಸಿಕೊಂಡು, ರೈಲು ಹತ್ತಿದ ಮೇಲೇ ಬುತ್ತಿ ಬಿಚ್ಚುತ್ತಿದ್ದಳು.

ಮೊದಮೊದಲು ಗುಂಡಿಯನ್ನು ಪೂರ್ತಿ ತಿರುಗಿಸಿಬಿಡುತ್ತಿದ್ದೆ. ಎಂಜಿನ್ ತಿರುವಿನಲ್ಲಿ ಹಳಿ ತಪ್ಪಿ ಬೀಳುತ್ತಿತ್ತು. ವಿದ್ಯುತ್ತು ಎರಡು ಹಳಿಗಳಿಂದ ಚಕ್ರದ ಮೂಲಕ ಮೋಟಾರಿಗೆ ಹೋಗುತ್ತದೆ. ಹಳಿಯ ಮೇಲೆ ಸ್ವಲ್ಪ ಧೂಳಿದ್ದರೂ ಗಾಡಿ ಮುಗ್ಗರಿಸುತ್ತದೆ. ಹಾಗಾಗಿ ದಿನಾ ಮೆತ್ತನೆಯ ಬಟ್ಟೆಯಿಂದ ಹಳಿ ಒರೆಸಬೇಕು. ಆಮೇಲೆ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಬೇಕು. ಗಾಡಿ ಜರ್ಕು ಹೊಡೆಯದೆ ಹೊರಡಬೇಕು, ಹಾಗೆಯೇ ಬಂದು ನಿಲ್ಲಬೇಕು. ಅಷ್ಟು ನಿಧಾನವಾಗಿ ಓಡಿಸುವಾಗ ಬೇರೆ ಯೋಚನೆಗೆ ತಲೆಯಲ್ಲಿ ಜಾಗವೇ ಇರುವುದಿಲ್ಲ. ಉಸಿರೂ ತಾನಾಗಿ ನಿಧಾನವಾಗುತ್ತದೆ. ರಾತ್ರಿ ನಿದ್ದೆ ಹತ್ತತೊಡಗಿತು.

ಪಕ್ಕದ ಮನೆಯ ಅಕ್ಕಾವರು ಮೊದಲ ದಿನ ನಕ್ಕರು: “ಏನ್ರೀ ಸಾಹೇಬ್ರ, ಈ ವಯಸ್ಸಿನಾಗ ಆಟಾ ಆಡಾಕ ಕುಂತೀರಿ?”

“ಹೂಂರೀ ಅಕ್ಕಾರ, ಬರ್ರಿ, ನೀವೂ ಕೂಡ್ರಿ” ಎಂದೆ. ಎರಡು ಸುತ್ತು ನೋಡಿ ಹೋದರು. ಈಗ ಮೊಸರು ಕೊಡಲು ಬಂದಾಗಲೆಲ್ಲ ಬಾಗಿಲಿನಿಂದಲೇ, “ಯಲವಿಗಿ ಬಂತೇನ್ರಿ?” ಎನ್ನುತ್ತಾರೆ.

ಮಕ್ಕಳೇ, ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಆಟದ ರೈಲು ಇದ್ದರೆ ಕೆಳಗಿಳಿಸಿ, ಅಜ್ಜ ಅಜ್ಜಿಯನ್ನೂ ಜೊತೆಗೆ ಕೂರಿಸಿಕೊಳ್ಳಿ. ಜೋರಾಗಿ ಓಡಿಸಬೇಡಿ.

ನನ್ನ ಗಾಡಿ ಯಲವಿಗಿಯಲ್ಲಿ ಪೂರ್ತಿ ಒಂದು ನಿಮಿಷ ನಿಲ್ಲುತ್ತದೆ. ಬುತ್ತಿಯ ಗಂಟು ಹಿಡಿದವರು ಹತ್ತಬೇಕಲ್ಲ.