ಒಂದು ಸೈಟು, ಏಳೆಂಟು ನಕ್ಷೆ

ಬೆಂಗಳೂರಿನ ಸುತ್ತಮುತ್ತ ಸೈಟು ಮಾರುವವರ ಬ್ರೋಷರಿನಲ್ಲಿ ಒಂದು ನಕ್ಷೆ ಇದ್ದೇ ಇರುತ್ತೆ. ನಡುವೆ ಒಂದು ಕೆಂಪು ನಕ್ಷತ್ರ, ಅದೇ ನಿಮ್ಮ ಕನಸಿನ ಮನೆ. ಎಡಕ್ಕೆ ಐಟಿ ಪಾರ್ಕು, ಬಲಕ್ಕೆ ಇಂಟರ್‌ನ್ಯಾಷನಲ್ ಸ್ಕೂಲು, ಮೇಲೆ ಏರ್‌ಪೋರ್ಟು, ಇನ್ನೂ ಬಾರದ ಮೆಟ್ರೋ ಲೈನು ಚುಕ್ಕಿ ಚುಕ್ಕಿಯಾಗಿ. ದೂರವನ್ನೆಲ್ಲ ನಿಮಿಷದಲ್ಲಿ ಬರೆದಿರುತ್ತಾರೆ. ಆ ನಿಮಿಷಗಳು ಯಾವ ಹೊತ್ತಿನವು ಅನ್ನೋದು ಮಾತ್ರ ಇರಲ್ಲ. ಭಾನುವಾರ ಬೆಳಗಿನ ಜಾವ ಐದು ಗಂಟೆಯವು ಇರಬೇಕು. ಮೂಲೆಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ 'ಈ ನಕ್ಷೆ ಅಳತೆಗೆ ತಕ್ಕಂತಿಲ್ಲ' ಅಂತ ಇರುತ್ತೆ. ಇಡೀ ಬ್ರೋಷರಿನಲ್ಲಿ ನೂರಕ್ಕೆ ನೂರು ನಿಜವಾದ ಸಾಲು ಅದೊಂದೇ.

ನಕ್ಷೆ ಮಾಡೋದೇ ನನ್ನ ಹೊಟ್ಟೆಪಾಡು. ಉಪಗ್ರಹ ಚಿತ್ರ ನೋಡಿ ಇದು ಹೊಲ, ಇದು ಕಟ್ಟಡ, ಇದು ನೀರು ಅಂತ ದಿನವಿಡೀ ಗೆರೆ ಎಳೆಯುವ ಕೆಲಸ. ನೆಂಟರ ಪಾಲಿಗೆ ನಾನು 'ಗೂಗಲ್ ಮ್ಯಾಪಲ್ಲಿರೋಳು'. ಮದುವೆಮನೆಯಲ್ಲಿ ಹಿಡಿದು ನಿಲ್ಲಿಸಿ, ನಮ್ಮ ಅಂಗಡಿ ಹೆಸರು ತಪ್ಪು ತೋರಿಸ್ತಿದೆ, ಸರಿ ಮಾಡಿಸಮ್ಮ ಅಂತಾರೆ. ನಾನು ಅಲ್ಲಿ ಕೆಲಸ ಮಾಡಲ್ಲ ಅಂದ್ರೆ ಯಾರೂ ನಂಬಲ್ಲ.

ಹಾಗಾಗಿ 2023ರ ಬೇಸಿಗೆಯಲ್ಲಿ ಅಕ್ಕ-ಭಾವ ಹೊಸಕೋಟೆ ಕಡೆ ಒಂದು 30×40 ಸೈಟು ನೋಡಿದಾಗ ಬ್ರೋಷರು ಮೊದಲು ಬಂದಿದ್ದು ನನ್ನ ವಾಟ್ಸ್ಯಾಪಿಗೆ. 'ಒಂದ್ಸಲ ನೋಡು' ಅಂತ ಅಕ್ಕನ ಮೆಸೇಜು. ಅಷ್ಟು ಹೊತ್ತಿಗೆ ಭಾವ ಮೂರು ಲಕ್ಷ ಅಡ್ವಾನ್ಸ್ ಕೊಟ್ಟಾಗಿತ್ತು. ಉಳಿದ ದುಡ್ಡಿನಲ್ಲಿ ಅರ್ಧ ಸಾಲ, ಇನ್ನರ್ಧ ತಿಪಟೂರಿನ ಹತ್ತಿರ ಭಾವನ ಅಪ್ಪ ತೆಂಗಿನ ತೋಟದ ಒಂದು ಭಾಗ ಮಾರಿ ಕೊಟ್ಟಿದ್ದು. ತೋಟ ಮಾರಿದ ದುಡ್ಡು ಅಂದ್ರೆ ಹೇಗಿರುತ್ತೆ ಗೊತ್ತಲ್ಲ, ಅದನ್ನು ಬ್ಯಾಂಕಿನಲ್ಲಿ ಸುಮ್ಮನೆ ಇಟ್ಟುಕೊಳ್ಳೋಕೂ ಆಗಲ್ಲ. ಮತ್ತೆ ಮಣ್ಣೇ ಆಗಬೇಕು.

ಮೊದಲು ಎಲ್ಲರೂ ಮಾಡೋದನ್ನೇ ಮಾಡಿದೆ, ಉಪಗ್ರಹ ಚಿತ್ರ ತೆರೆದೆ. ಬಯಲು, ಒಂದಷ್ಟು ನೀಲಗಿರಿ, ಹೊಸದಾಗಿ ಎಳೆದ ಕೆಮ್ಮಣ್ಣಿನ ರಸ್ತೆಗಳು. ವರ್ಷಗಳನ್ನು ಹಿಂದಕ್ಕೆ ಎಳೆಯುತ್ತಾ ಹೋದೆ. ಹತ್ತು ವರ್ಷ ಹಿಂದೆಯೂ ಒಣ ಬಯಲು, ಹದಿನೈದು ವರ್ಷ ಹಿಂದೆಯೂ ಒಣ ಬಯಲು. ಎಂಥ ಒಳ್ಳೆ ಜಾಗ ಅನ್ಸುತ್ತೆ. ಆದರೆ ತಾರೀಖು ನೋಡಬೇಕು: ಜನವರಿ, ಫೆಬ್ರವರಿ, ಮಾರ್ಚ್. ಕ್ಯಾಮೆರಾ ಮೋಡದ ಮೂಲಕ ನೋಡಲ್ಲ, ಹಾಗಾಗಿ ಮೋಡವಿಲ್ಲದ ದಿನದ ಚಿತ್ರಗಳನ್ನೇ ಆರಿಸಿ ಹಾಕಿರ್ತಾರೆ. ನಮ್ಮ ಕಡೆ ಮೋಡವಿಲ್ಲದ ದಿನ ಅಂದ್ರೆ ಬೇಸಿಗೆ. ನಾವೆಲ್ಲ ಫೋನಿನಲ್ಲಿ ನೋಡೋ ಬೆಂಗಳೂರು ಹೆಚ್ಚುಕಡಿಮೆ ಮಳೆಯೇ ಬಾರದ ಬೆಂಗಳೂರು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಆಚೀಚೆ ಸಾಫ್ಟ್‌ವೇರ್ ಮಂದಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಫೋಟೋಗಳು ನಿಮಗೂ ನೆನಪಿರಬಹುದು. ಆ ವಾರ ಆ ಜಾಗದ ಚೊಕ್ಕ ಚಿತ್ರ ಸಿಗೋದು ಕಷ್ಟ, ಮೇಲೆಲ್ಲ ಮೋಡ.

ಮೋಡ ದಾಟಿ ನೋಡೋಕೆ ರಾಡಾರ್ ಬೇಕು. ಸೆಂಟಿನೆಲ್-1 ಉಪಗ್ರಹ ತಾನೇ ಅಲೆ ಕಳಿಸಿ, ವಾಪಸ್ ಬಂದದ್ದನ್ನು ಅಳೆಯುತ್ತೆ. ಹಗಲು ರಾತ್ರಿ ಅನ್ನೋದಿಲ್ಲ. ನಿಂತ ನೀರು ಕನ್ನಡಿಯ ಹಾಗೆ ಅಲೆಯನ್ನು ಅತ್ತ ಹಾರಿಸಿಬಿಡೋದರಿಂದ ಚಿತ್ರದಲ್ಲಿ ಕಪ್ಪಗೆ ಕಾಣುತ್ತೆ. 2022ರ ಮಳೆಗಾಲದ ಚಿತ್ರಗಳನ್ನು ಇಳಿಸಿಕೊಂಡು ನೋಡಿದೆ. ಲೇಔಟಿನ ನಡುವೆ ಓರೆಯಾಗಿ ಕಪ್ಪನೆಯದೇನೋ ಇದ್ದ ಹಾಗಿತ್ತು, ಇಲ್ಲದ ಹಾಗೂ ಇತ್ತು. ಆಗ ಆ ಉಪಗ್ರಹ ಹನ್ನೆರಡು ದಿನಕ್ಕೊಮ್ಮೆ ಹಾದುಹೋಗುತ್ತಿತ್ತು. ಒಂದು ರಾತ್ರಿ ಬಂದು ಎರಡು ದಿನದಲ್ಲಿ ಇಳಿದುಹೋದ ನೀರಿಗೆ ಅದು ಸಾಕ್ಷಿ ಹೇಳಲಾರದು.

ಆಮೇಲೆ ಹುಸಿಬಣ್ಣದ ಚಿತ್ರ. ಇದನ್ನು ಅಕ್ಕನಿಗೆ ತೋರಿಸಿದಾಗ ಅವಳು ಹೌಹಾರಿ, 'ಏನೇ ಇದು, ಊರಿಗೆಲ್ಲ ಬೆಂಕಿ ಬಿದ್ದಿದೆಯಾ?' ಅಂದಳು. ಎಲೆಗಳು ನಮ್ಮ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಜೋರಾಗಿ ವಾಪಸ್ ಎಸೆಯುತ್ತವೆ. ಆ ಬೆಳಕಿಗೆ ಕೆಂಪು ಬಣ್ಣ ಕೊಟ್ಟು ಚಿತ್ರ ಮಾಡಿದರೆ ತೋಟ-ಗದ್ದೆ-ಕಾಡು ಎಲ್ಲ ಕೆಂಪು, ಕಾಂಕ್ರೀಟು ಬೂದಿಬಣ್ಣ, ನೀರು ಕಪ್ಪು. ಸೈಟಿನ ಮೇಲ್ಗಡೆ ಒಂದು ಕಿಲೋಮೀಟರ್ ದೂರದಲ್ಲಿ ದೊಡ್ಡದೊಂದು ಕೆಂಪು ತೇಪೆಯಿತ್ತು. ಹೊಲ ಅಂದುಕೊಳ್ಳಬೇಕು, ಹಾಗೆ. ಆದರೆ ಹೊಲಕ್ಕೆ ಬದುಗಳಿರುತ್ತವೆ, ಚೌಕ ಚೌಕ ಇರುತ್ತೆ. ಇದು ಅರ್ಧಚಂದ್ರದ ಹಾಗೆ, ಒಂದು ಬದಿ ಮಾತ್ರ ಗೆರೆ ಎಳೆದಷ್ಟು ನೆಟ್ಟಗೆ. ನೆಟ್ಟಗಿದ್ದದ್ದು ಏರಿ. ಕೆಂಪಗಿದ್ದದ್ದು ಜೊಂಡು ಮತ್ತು ಅಂತರಗಂಗೆ. ಕೆರೆ ಇತ್ತು, ನೀರು ಮೇಲಿಂದ ಕಾಣುತ್ತಿರಲಿಲ್ಲ ಅಷ್ಟೇ. ಕಂಪ್ಯೂಟರಿಗೆ ವಹಿಸಿದ್ದರೆ ಅದು ಈ ಕೆರೆಯನ್ನು ಬೆಳೆ ಅಂತ ಬರೆದು ಮುಂದೆ ಹೋಗುತ್ತಿತ್ತು.

ಹಳೇ ಉಪಗ್ರಹಗಳಲ್ಲಿ ಏನಾದರೂ ಸಿಗಬಹುದಾ ಅಂತಲೂ ನೋಡಿದೆ. ಲ್ಯಾಂಡ್‌ಸ್ಯಾಟ್ 1972ರಿಂದ ಚಿತ್ರ ತೆಗೆಯುತ್ತಿದೆ, 2008ರಿಂದ ಎಲ್ಲವೂ ಪುಕ್ಕಟೆ. ಆದರೆ 1980ರ ದಶಕದ ನಂತರದ ಚಿತ್ರಗಳಲ್ಲೂ ಒಂದು ಚುಕ್ಕಿ ಅಂದರೆ 30 ಮೀಟರ್ ಚೌಕ, ಎಂಟು ಸೈಟು ಸೇರಿ ಒಂದು ಚುಕ್ಕಿ. ಕೆರೆ ಕಾಣುತ್ತೆ, ಕಾಲುವೆ ಕಾಣಲ್ಲ.

ಸರ್ವೆ ಆಫ್ ಇಂಡಿಯಾದ ಟೋಪೋಶೀಟಿನಲ್ಲಿ ಕೆರೆ ನೀಲಿಯಾಗಿ ಸ್ಪಷ್ಟವಾಗಿತ್ತು. ಅದರಿಂದ ಹೊರಟ ಒಂದು ಸಣ್ಣ ನೀಲಿ ಗೆರೆ ಕೆಳಗಿನ ಕೆರೆಗೆ ಹೋಗುತ್ತಿತ್ತು, ನಮ್ಮ ಲೇಔಟು ಇರೋ ಕಡೆಯಿಂದಲೇ. ಆದರೆ 1:50,000 ಅಳತೆಯಲ್ಲಿ ನಲವತ್ತು ಅಡಿ ಅಂದರೆ ಕಾಲು ಮಿಲಿಮೀಟರ್. ಪೆನ್ಸಿಲಿನ ಗೆರೆಗಿಂತ ಸಣ್ಣದು. ಆ ನೀಲಿ ಗೆರೆಯ ದಪ್ಪದಲ್ಲೇ ಸೈಟು ಮುಳುಗಿಹೋಗುತ್ತೆ. ಎತ್ತರದ ಗೆರೆಗಳೂ 20 ಮೀಟರಿಗೆ ಒಂದರಂತೆ ಇರುವುದರಿಂದ, ಆಳು ಮುಳುಗುವಷ್ಟು ತಗ್ಗೊಂದು ಎರಡು ಗೆರೆಗಳ ನಡುವೆ ಆರಾಮಾಗಿ ಅಡಗಿ ಕೂರಬಹುದು.

ನಮ್ಮ ದೊಡ್ಡಪ್ಪ ಸರ್ವೆ ಇಲಾಖೆಯಲ್ಲಿದ್ದು ನಿವೃತ್ತರಾದವರು. 33 ಅಡಿಯ ಸರಪಳಿ ಹಿಡಿದು ಊರೂರು ಅಳೆದವರು. ಆ ಸರಪಳಿಯ ಒಂದು ಚೌಕವೇ ಒಂದು ಗುಂಟೆ, ಅಂತಹ ನಲವತ್ತು ಸೇರಿದರೆ ಎಕರೆ. ನಾನು ಲ್ಯಾಪ್‌ಟಾಪಿನಲ್ಲಿ ಪದರದ ಮೇಲೆ ಪದರ ಹಾಕಿ ತೋರಿಸುತ್ತಿದ್ದರೆ ಅವರು ಕನ್ನಡಕ ಸರಿಮಾಡಿಕೊಂಡು, 'ಚೆನ್ನಾಗಿದೆ ಮಗಾ, ಗ್ರಾಮ ನಕ್ಷೆ ಎಲ್ಲಿ? ಪಹಣಿ ಎಲ್ಲಿ?' ಅಂದರು.

ಗ್ರಾಮ ನಕ್ಷೆಯಲ್ಲಿ ಒಂದು ಇಂಚಿಗೆ 660 ಅಡಿ. ಸೈಟು ಈಗ ಒಂದು ಸಾಸಿವೆ ಕಾಳಿನಷ್ಟಾದರೂ ಆಯ್ತು. ಕೆರೆ ಅಂಗಳ, ಏರಿ, ಗುಂಡುತೋಪು, ಸ್ಮಶಾನ, ಬಂಡಿದಾರಿ, ಕಾಲುದಾರಿ, ಎಲ್ಲಕ್ಕೂ ಅದರದೇ ಗುರುತು. ಕೋಡಿಯಿಂದ ಹೊರಟ ಜೋಡಿ ಗೆರೆಯ ಹಳ್ಳವೊಂದು ನಾಲ್ಕೈದು ಸರ್ವೆ ನಂಬರುಗಳನ್ನು ಸೀಳಿಕೊಂಡು ಕೆಳಗಿನ ಕೆರೆಗೆ ಇಳಿದಿತ್ತು. ದೊಡ್ಡಪ್ಪ ಪಹಣಿಯಲ್ಲಿ ಎರಡೇ ಮಾತು ಹುಡುಕಿದರು. ಒಂದು, ಖರಾಬು. 'ಬಿ ಖರಾಬು ಮೂರು ಗುಂಟೆ ಅಂತಿದೆ ನೋಡು. ಯಾರಿಗೂ ಸೇರಿದ್ದಲ್ಲ, ಸರ್ಕಾರದ್ದು. ಅದೇ ಹಳ್ಳ.' ಎರಡನೆಯದು, ಜಮೀನು ಖುಷ್ಕಿಯೋ ತರಿಯೋ ಅಂತ. ತರಿ ಅಂತಿತ್ತು. ಕೆರೆ ನೀರಿನಲ್ಲಿ ಭತ್ತ ಬೆಳೆದ ಭೂಮಿ. ಅಂದರೆ ಕೆರೆಯ ತೂಬು ತೆಗೆದರೆ ತಾನಾಗೇ ನೀರು ಹರಿದು ಬರುವಷ್ಟು ತಗ್ಗು. ನಾನು ಒಂದು ವಾರ ಉಪಗ್ರಹಗಳಲ್ಲಿ ಹುಡುಕಿದ್ದನ್ನು ಪಹಣಿ ಎರಡಕ್ಷರದಲ್ಲಿ ಬರೆದುಕೊಂಡು ಕೂತಿತ್ತು.

ಲೇಔಟಿನವರ ಪ್ಲಾನಿನಲ್ಲಿ ಆ ಹಳ್ಳ ಇರಲೇ ಇಲ್ಲ. ಅದರ ಜಾಗದಲ್ಲಿ ಮೂವತ್ತು ಅಡಿ ರಸ್ತೆ, ಒಂದು ಸಾಲು ಸೈಟು. ಹಾಗಂತ ಹಳೇ ನಕ್ಷೆ ಹೇಳಿದ್ದೆಲ್ಲ ವೇದವಾಕ್ಯ ಅಂತ ನಾನು ಹೇಳಲ್ಲ. ಕಾಗದ ಹಿಗ್ಗುತ್ತೆ, ಕುಗ್ಗುತ್ತೆ. ಅದನ್ನು ಸ್ಕ್ಯಾನ್ ಮಾಡಿ ಉಪಗ್ರಹ ಚಿತ್ರದ ಮೇಲೆ ಕೂರಿಸಿದಾಗ ಗೆರೆಗಳು ಕೆಲವು ಮೀಟರ್ ಆಚೀಚೆ ಸರಿದಿರುತ್ತವೆ. ಮೂವತ್ತು ಅಡಿ ಅಗಲದ ಸೈಟಿಗೆ ಆ ಕೆಲವು ಮೀಟರೇ ಎಲ್ಲ. ದಿಶಾಂಕ್ ಆ್ಯಪ್ ತೆರೆದು, ಸರ್ವೆ ನಂಬರಿನ ಗೆರೆ ನಮ್ಮ ಬಚ್ಚಲುಮನೆ ಮೇಲೆ ಹಾದುಹೋಗಿದೆ ಅಂತ ಗಾಬರಿಯಾಗುವವರಿಗೆ ಇದನ್ನೇ ಹೇಳ್ತೀನಿ.

ಭಾವನ ಬಳಿಯೂ ಚಿತ್ರಗಳಿದ್ದವು. ಏಜೆಂಟು ಕೊಟ್ಟ ಬೆಲೆಯ ಗ್ರಾಫು ನಂದಿಬೆಟ್ಟದ ಹಾಗೆ ಏರಿತ್ತು. ನೋಡಿದರೆ ಕೆಳಗಿನ ಅಂಕಿ ಸೊನ್ನೆಯಿಂದಲ್ಲ, ಚದರಡಿಗೆ 2,500ರಿಂದ ಶುರು. ಏರಿದ್ದು ಇನ್ನೂರು ರೂಪಾಯಿ. ಇದನ್ನು ತೋರಿಸಿದ್ದಕ್ಕೆ ಭಾವ ನಕ್ಕರು, ಅವರೂ ಬ್ಯಾಂಕಿನವರೇ. ಮಳೆಯ ಗ್ರಾಫು ಮಾತ್ರ ಅವರ ವಾದಕ್ಕೆ ಬಲವಾಗಿತ್ತು. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್, ಹನ್ನೆರಡು ಕಂಬಗಳು, ಸೆಪ್ಟೆಂಬರಿನದು ಸ್ವಲ್ಪ ಎತ್ತರ, ಅಷ್ಟೇ. 'ಇದರಲ್ಲಿ ಹೆದರೋದೇನಿದೆ?' ಹೌದು, ಸರಾಸರಿಯಲ್ಲಿ ಹೆದರೋಕೆ ಏನೂ ಇರಲ್ಲ. 2022ರ ಮಳೆ 1,900 ಮಿಲಿಮೀಟರ್ ದಾಟಿತ್ತು. ಅದರಲ್ಲೂ ಮನೆಗೆ ನೀರು ನುಗ್ಗೋದು ವರ್ಷದ ಲೆಕ್ಕದಲ್ಲಿ ಅಲ್ಲ, ಒಂದು ರಾತ್ರಿಯ ಲೆಕ್ಕದಲ್ಲಿ. ತಿಂಗಳ ಕಂಬದೊಳಗೆ ಆ ರಾತ್ರಿ ಕಾಣಲ್ಲ.

'ನೋಡು, ನೀನು ತೋರಿಸ್ತಿರೋದು ನಿಮ್ಮ ಮುತ್ತಜ್ಜನ ಕಾಲದ ನಕ್ಷೆ. ನಾನು ತಗೋತಿರೋದು ಈಗಿನ ಸೈಟು. ಅಪ್ರೂವಲ್ ಇದೆ, ಬ್ಯಾಂಕು ಲೋನ್ ಕೊಡ್ತಿದೆ. ಹಾಗೆ ನೋಡಿದ್ರೆ ಮೆಜೆಸ್ಟಿಕ್ಕೂ ಕೆರೇನೇ, ಕಂಠೀರವ ಸ್ಟೇಡಿಯಮ್ಮೂ ಕೆರೇನೇ' ಅಂದರು ಭಾವ. ಸುಳ್ಳಲ್ಲ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಆಯ್ತು, ಸಂಪಂಗಿ ಕೆರೆ ಸ್ಟೇಡಿಯಂ ಆಯ್ತು. ನನಗೆ ಉತ್ತರ ಹೊಳೆಯಲಿಲ್ಲ. ಒಳಗಿನಿಂದ ಅಕ್ಕ, 'ಮೆಜೆಸ್ಟಿಕ್ಕಲ್ಲಿ ನಾವು ಮಕ್ಕಳನ್ನ ಮಲಗಿಸ್ತೀವೇನ್ರೀ?' ಅಂದಳು.

ನಮ್ಮ ಕೆಲಸದಲ್ಲಿ 'ಗ್ರೌಂಡ್ ಟ್ರೂತ್' ಅಂತ ಒಂದು ಮಾತಿದೆ. ಚಿತ್ರದಲ್ಲಿ ಕಂಡದ್ದನ್ನು ಕಾಲೂರಿ ನಿಂತು ನೋಡಿ ಬರೋದು. ಒಂದು ಭಾನುವಾರ ನಾಲ್ವರೂ ಹೋದೆವು. ಏಜೆಂಟು ಹುಡುಗ ಕಾಫಿ ತರಿಸಿದ, ಕ್ಲಬ್‌ಹೌಸ್ ಬರೋ ಜಾಗ ತೋರಿಸಿದ. ದೊಡ್ಡಪ್ಪ ಸೈಟಿನ ಕಲ್ಲುಗಳ ಕಡೆ ತಿರುಗಿಯೂ ನೋಡಲಿಲ್ಲ. ನೆಟ್ಟಗೆ ಹಳೇ ಟಾರು ರಸ್ತೆಗೆ ಹೋಗಿ ಅಂಚು ಹಿಡಿದು ನಡೆಯುತ್ತಾ ಒಂದು ಕಡೆ ನಿಂತರು. ಅಲ್ಲಿ ರಸ್ತೆ ಕೆಳಗೆ ಕಲ್ಲಿನ ಮೋರಿಯಿತ್ತು. ಅರ್ಧಕ್ಕಿಂತ ಹೆಚ್ಚು ಮಣ್ಣು ತುಂಬಿತ್ತು, ಬಾಯಿಗೆ ಲಂಟಾನ ಬೆಳೆದಿತ್ತು. ಈ ಕಡೆ ಒಣ ನೆಲ, ಆ ಕಡೆ ಲೇಔಟಿನ ಕಾಂಪೌಂಡು. 'ನೀರೇ ಬರದ ಕಡೆ ಯಾಕಪ್ಪಾ ಮೋರಿ ಕಟ್ಟಿದ್ದಾರೆ?' ಅಂತ ಹುಡುಗನನ್ನು ಕೇಳಿದರು. 'ಸಾರ್, ಅದು ಹಳೇದು ಸಾರ್, ಯಾವಾಗ್ಲೋ ಕಟ್ಟಿದ್ದು' ಅಂದ ಅವನು. ದೊಡ್ಡಪ್ಪ ಮೋರಿಯ ಬಾಯಿಯಿಂದ ಕೈ ಚಾಚಿ ನೇರ ಮಾಡಿದರು. ಕೈಯ ತುದಿಗೆ ಕಾಂಪೌಂಡು, ಕಾಂಪೌಂಡಿನ ಆಚೆ ನಮ್ಮ ಸಾಲು. ಭಾವ ಬಹಳ ಹೊತ್ತು ಮೋರಿಯನ್ನೇ ನೋಡಿದರು. ವಾಪಸ್ ಬರುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ಮೂರು ಲಕ್ಷದಲ್ಲಿ ವಾಪಸ್ ಬಂದಿದ್ದು ಒಂದೂವರೆ, ಅದೂ ಏಳು ತಿಂಗಳು ಓಡಾಡಿದ ಮೇಲೆ. ಅಕ್ಕನವರು ಇನ್ನೂ ಬಾಡಿಗೆ ಮನೆಯಲ್ಲೇ ಇದ್ದಾರೆ. ಈಗ ಅಲ್ಲಿ ಚದರಡಿ ರೇಟು ನಿಜವಾಗಿಯೂ ಏರಿದೆ; ಭಾವ ಆಗಾಗ ಸ್ಕ್ರೀನ್‌ಶಾಟ್ ಕಳಿಸ್ತಾರೆ, ಜೊತೆಗೆ ಒಂದು ಮಾತೂ ಬರೆಯಲ್ಲ.

ಆ ಸೈಟನ್ನು ಬೇರೆ ಯಾರೋ ಕೊಂಡರು. ನಾನು ಆಗಾಗ ಅಲ್ಲಿಗೆ ಹೋಗಿ ನೋಡ್ತೀನಿ, ಹೋಗೋದು ಅಂದ್ರೆ ತೆರೆಯ ಮೇಲೆ. ಮೊದಲು ಮರಳಿನ ಗುಡ್ಡೆ ಬಂತು. ಆಮೇಲೆ ಕಾಲಂಗಳ ಚುಕ್ಕಿಗಳು, ಆಮೇಲೆ ತಾರಸಿ. ಈಗ ಅದರ ಮೇಲೆ ಸೋಲಾರ್ ಹೀಟರು, ಕಪ್ಪು ಟ್ಯಾಂಕು, ಗೇಟಿನ ಮುಂದೆ ಒಂದು ಬಿಳಿ ಕಾರು ಇದೆ. ಅವರ ಹೆಸರು ನನಗೆ ಗೊತ್ತಿಲ್ಲ. ಗೊತ್ತಿದ್ದರೂ ಗೃಹಪ್ರವೇಶ ಆದ ಮನೆಯ ಬಾಗಿಲು ತಟ್ಟಿ ಏನಂತ ಹೇಳೋದು? ದೊಡ್ಡಪ್ಪನಿಗೆ ತೋರಿಸಿದೆ. 'ತಳಪಾಯ ಎತ್ತರಿಸಿಕೊಂಡಿದ್ದಾರಾ ನೋಡು' ಅಂದರು. ಮೇಲಿಂದ ತೆಗೆದ ಚಿತ್ರದಲ್ಲಿ ತಳಪಾಯ ಕಾಣಲ್ಲ ದೊಡ್ಡಪ್ಪ, ನೆರಳಿನ ಉದ್ದ ಅಳೆದರೆ ಮನೆ ಎಷ್ಟೆತ್ತರ ಅಂತ ಹೇಳಬಹುದು, ತಳಪಾಯದ್ದು ಆಗಲ್ಲ ಅಂದೆ. ಅವರು ಕನ್ನಡಕ ತೆಗೆದು ಲ್ಯಾಪ್‌ಟಾಪನ್ನು ನನ್ನ ಕಡೆ ತಳ್ಳಿದರು. ಮೊನ್ನೆ ಜೋರು ಮಳೆ ಬಂದ ವಾರದ ಚಿತ್ರ ತೆರೆದೆ. ಹೊಸಕೋಟೆಯ ಮೇಲೆಲ್ಲ ಬೆಳ್ಳನೆ ಮೋಡ.